ಕೆಂಪು ಅಳಿದರೆ ಸಾಕೆ?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಒಂದೇ ಅಚ್ಚಿನವು. ನೆಲಮಹಡಿಯ ಮೇಲೆ ಐದೋ ಹತ್ತೋ ಮಹಡಿ, ಇಟ್ಯಾಬ್ಸ್ ಇಲ್ಲವೇ ಸ್ಟಾಡ್ ಪ್ರೊ ಸಾಫ್ಟ್‌ವೇರಿನಲ್ಲಿ ಅದರ ಮಾಡೆಲ್, ಬಣ್ಣದ ಚಿತ್ರಗಳು, ಯಾರೂ ಓದದ ಅಂಕಿಪಟ್ಟಿಗಳು. ಇಟ್ಯಾಬ್ಸ್‌ನಲ್ಲಿ ಭಾರ ತಾಳದ ಬೀಮು, ಕಾಲಮ್ಮುಗಳು ಕೆಂಪಾಗಿ ಕಾಣುತ್ತವೆ. ವಿದ್ಯಾರ್ಥಿ ಕಾಲಮ್ಮನ್ನು ದಪ್ಪ ಮಾಡುತ್ತಾನೆ, ಕಾಂಕ್ರೀಟಿನ ದರ್ಜೆ ಏರಿಸುತ್ತಾನೆ, ಮತ್ತೆ ‘ರನ್’ ಒತ್ತುತ್ತಾನೆ. ಕೆಂಪು ಅಳಿಯಿತೋ, ವಿನ್ಯಾಸ ಮುಗಿಯಿತು. ಕಂಪ್ಯೂಟರೇ ಬೇಡವಾಗಿತ್ತು ಎಂದು ಹಲುಬುವವರ ಸಾಲಿಗೆ ನಾನು ಸೇರುವವನಲ್ಲ. ನನ್ನ ತಕರಾರು ಇಷ್ಟೆ: ಮಾಡೆಲ್ ಓಡಿಸುವುದನ್ನು ಕಲಿಸಿ, ಮಾಡೆಲ್ ಕಟ್ಟುವುದನ್ನು ಕಲಿಸಿದೆವು ಎಂದು ನಾವು ನಂಬಿಕೊಂಡಿದ್ದೇವೆ.

ಈ ಎರಡರ ನಡುವಿನ ಅಂತರ ತಿಳಿಯಲು ಒಂದು ಬೀಮ್ ಸಾಕು. ಉದ್ದ 6 ಮೀಟರ್, ಭಾರ ಮೀಟರಿಗೆ 30 ಕಿಲೋನ್ಯೂಟನ್. ತುದಿಗಳು ಗೋಡೆಯ ಮೇಲೆ ಸುಮ್ಮನೆ ಕೂತಿವೆ ಎಂದರೆ ನಡುವಿನ ಮೊಮೆಂಟ್, ಅಂದರೆ ಬೀಮನ್ನು ಬಾಗಿಸುವ ಪರಿಣಾಮ, 135 ಕಿಲೋನ್ಯೂಟನ್ ಮೀಟರ್. ತುದಿಗಳು ಅಲುಗದಂತೆ ಬಿಗಿಯಾಗಿವೆ ಎಂದು ಗುರುತು ಮಾಡಿದರೆ ನಡುವೆ 45, ತುದಿಗಳಲ್ಲಿ 90. ಮೌಸಿನ ಒಂದು ಒತ್ತಿಗೆ ನಡುವೆ ತಳದಲ್ಲಿ ಬೇಕಾದ ಕಂಬಿ ಹತ್ತಿರಹತ್ತಿರ ಮೂರನೆಯ ಒಂದಕ್ಕೆ ಇಳಿಯಿತು. ಎರಡು ಉತ್ತರಗಳೂ ಗಣಿತದ ಮಟ್ಟಿಗೆ ನಿರ್ದುಷ್ಟ. ಸಾಫ್ಟ್‌ವೇರ್ ಯಾವುದಕ್ಕೂ ಚಕಾರ ಎತ್ತದು. ತುದಿಯಲ್ಲಿರುವುದು ಇಟ್ಟಿಗೆ ಗೋಡೆಯೋ ದಪ್ಪ ಕಾಲಮ್ಮೋ ಎಂಬುದು ಅದಕ್ಕೆ ತಿಳಿಯುವ ಸಂಗತಿಯೂ ಅಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಮೇಲಿನ ಫುಟಿಂಗನ್ನೂ ಬಂಡೆಯ ಮೇಲಿನ ಫುಟಿಂಗನ್ನೂ ‘ಫಿಕ್ಸೆಡ್’ ಎಂಬ ಒಂದೇ ಪದದಲ್ಲಿ ಮುಗಿಸುವಾಗ ನಿಜವಾದ ವಿನ್ಯಾಸ ನಡೆದುಹೋಗಿರುತ್ತದೆ, ಅದೂ ಯಾರ ಗಮನಕ್ಕೂ ಬಾರದೆ. ಇನ್ನೊಂದು ಮಾತು: 90 ಮತ್ತು 45 ಕೂಡಿದರೆ ಮತ್ತೆ 135. ಸಮನಾಗಿ ಹರಡಿದ ಭಾರದಡಿ ತುದಿಗಳು ಎಷ್ಟೇ ಬಿಗಿಯಿರಲಿ, ಎರಡು ತುದಿಗಳ ಸರಾಸರಿಗೆ ನಡುವಿನದನ್ನು ಸೇರಿಸಿದರೆ ಮೊತ್ತ ಬದಲಾಗದು. ಇದನ್ನು ಕಂಡುಕೊಂಡವನು ಎಂಥ ದಪ್ಪ ಪಟ್ಟಿಯನ್ನೂ ಎರಡು ನಿಮಿಷದಲ್ಲಿ ತಡವಿ ನೋಡಬಲ್ಲ.

ಗೋಡೆಗಳ ವಿಷಯ ಇದಕ್ಕಿಂತ ಗಂಭೀರ. ವಿದ್ಯಾರ್ಥಿಗಳ ಮಾಡೆಲ್‌ಗಳಲ್ಲಿ ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಬೀಮಿನ ಮೇಲಿನ ತೂಕ ಮಾತ್ರ. ಹಾಗಾಗಿ ಕೆಳಗೆ ಕಾರು ನಿಲ್ಲಿಸಲು ಬಯಲು ಬಿಟ್ಟ ಮಹಡಿಯೂ, ಮೇಲೆ ಗೋಡೆ ತುಂಬಿದ ಮಹಡಿಯೂ ತೆರೆಯ ಮೇಲೆ ಒಂದೇ ಥರ ಅಲುಗುತ್ತವೆ. ನಿಜದಲ್ಲಿ ಮೇಲಿನದು ಪೆಟ್ಟಿಗೆಯಂತೆ ಬಿಗಿ, ಕೆಳಗಿನದು ಕೋಲುಗಾಲು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಇಂಥ ತೆರೆದ ನೆಲಮಹಡಿಯ ಕಟ್ಟಡಗಳು ಕುಸಿದವು. ಭೂಕಂಪ ತಾಳುವ ವಿನ್ಯಾಸಕ್ಕಿರುವ ಭಾರತೀಯ ಕೋಡ್ ಐಎಸ್ 1893ರ 2016ರ ಆವೃತ್ತಿ ಗೋಡೆಯ ಬಿಗಿತವನ್ನೂ ಲೆಕ್ಕಕ್ಕೆ ತರುತ್ತದೆ. ಬಿರುಕು ಬಿಟ್ಟ ಕಾಂಕ್ರೀಟನ್ನು ನೆನೆದು ಬೀಮಿನ ಜಡತ್ವವನ್ನು (ಮೊಮೆಂಟ್ ಆಫ್ ಇನರ್ಷಿಯಾ) ಶೇ 35ಕ್ಕೆ, ಕಾಲಮ್ಮಿನದನ್ನು ಶೇ 70ಕ್ಕೆ ಇಳಿಸಲು ಹೇಳುತ್ತದೆ. ಈ ಎರಡು ಅಂಕಿಗಳನ್ನು ಸೀನಿಯರ್ ಹೇಳಿಕೊಟ್ಟಂತೆ ಟೈಪ್ ಮಾಡುವವರಿದ್ದಾರೆ. ಯಾಕೆಂದು ಕೇಳಿದರೆ ‘ಕೋಡ್‌ನಲ್ಲಿದೆ’ ಎನ್ನುತ್ತಾರೆ.

ಜಗತ್ತೆಲ್ಲ ಬಳಸಿ ಪರೀಕ್ಷಿಸಿದ ಸಾಫ್ಟ್‌ವೇರನ್ನು ಅನುಮಾನಿಸುವುದೇಕೆ ಎಂದು ಕೇಳಬಹುದು. ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ತಳವನ್ನೂ ನಾಸ್ಟ್ರಾನ್ ಎಂಬ ಪ್ರಸಿದ್ಧ ಸಾಫ್ಟ್‌ವೇರಿನಿಂದಲೇ ಲೆಕ್ಕ ಹಾಕಿದ್ದರು. 1991ರ ಆಗಸ್ಟ್ 23ರಂದು ಅದು ಸ್ಟಾವಾಂಗರ್ ಬಳಿಯ ಫಿಯೋರ್ಡಿನಲ್ಲಿ ಮುಳುಗಿತು. ಗೋಡೆಗಳು ಕೂಡುವ ಜಾಗದಲ್ಲಿ ಮಾಡೆಲಿನ ಜಾಲರಿ ಒರಟಾಗಿತ್ತು. ಶಿಯರ್ ಒತ್ತಡ ಇರಬೇಕಾದ್ದಕ್ಕಿಂತ ಶೇ 47ರಷ್ಟು ಕಡಿಮೆ ಬಂತು, ಅಲ್ಲಿನ ಕಂಬಿಯೂ ಸಾಲದಾಯಿತು. ಆಮೇಲೆ ಇದೇ ವಿಧಾನದಲ್ಲಿ ಜಾಲರಿಯನ್ನು ನಯಗೊಳಿಸಿ ನೋಡಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂಬ ಉತ್ತರ ಸಿಕ್ಕಿತು, ಒಡೆದದ್ದು 65ರಲ್ಲಿ. ಸಾಫ್ಟ್‌ವೇರಿಗೆ ಕೆಟ್ಟ ಹೆಸರು ತರಲು ಈ ಕಥೆ ಹೇಳುವವರು ಈ ಕೊನೆಯ ಭಾಗವನ್ನು ನುಂಗಿಬಿಡುತ್ತಾರೆ.

ಹಾಗಾದರೆ ಕೈಲೆಕ್ಕಕ್ಕೇ ಮರಳೋಣವೆ? ಎಂಜಿನಿಯರ್ ಹಾರ್ಡಿ ಕ್ರಾಸ್ 1930ರಲ್ಲಿ ಕೊಟ್ಟ ಮೊಮೆಂಟ್ ಹಂಚಿಕೆಯ ಕೋಷ್ಟಕವನ್ನು ಪರೀಕ್ಷೆಯಲ್ಲಿ ಪುಟಗಟ್ಟಲೆ ತುಂಬಿಸುವುದರಲ್ಲಿ ಇಂದು ಅರ್ಥವಿಲ್ಲ. ಅದೂ ಕುರುಡಾಗಿ ಮಾಡಬಹುದಾದ ಕೆಲಸವೇ. ಹಳೆಯ ತಲೆಮಾರು ಇದನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತದೆ. ಬೇಕಾದದ್ದು ‘ರನ್’ ಒತ್ತುವ ಮುಂಚೆ ಉತ್ತರ ಎಷ್ಟರ ಆಸುಪಾಸು ಬರಬೇಕೆಂದು ಕಾಗದದ ಚೂರಿನ ಮೇಲೆ ಬರೆದಿಡುವ ಅಭ್ಯಾಸ. ಕಂಪನಿಗಳು ಕೇಳುವುದು ಸಾಫ್ಟ್‌ವೇರ್ ಬಲ್ಲವರನ್ನು ಎಂಬ ವಾದದಲ್ಲೂ ಹುರುಳಿದೆ. ಆದರೆ ಮೆನುಗಳನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಅಲ್ಲಿ ನಿಮ್ಮ ‘ಫಿಕ್ಸೆಡ್’ ಸರಿಯೇ ಎಂದು ಕೂತು ಹೇಳಿಕೊಡಲು ಯಾರಿಗೂ ಪುರಸೊತ್ತಿರುವುದಿಲ್ಲ.

ಅರವತ್ತು ಮಂದಿಯ ತರಗತಿಯಲ್ಲಿ ಇದಕ್ಕೆ ಅಂಕ ಕೊಡುವುದು ಹೇಗೆ ಎಂಬ ಅಧ್ಯಾಪಕರ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಲಾಗದು. ಮಾಡೆಲ್ ಮಾಡಿ ತನ್ನಿ ಎನ್ನುವ ಬದಲು ಎಲ್ಲೂ ಕೆಂಪಿಲ್ಲದ, ಮುಗಿದ ಮಾಡೆಲೊಂದನ್ನು ಲ್ಯಾಬಿನಲ್ಲಿ ತೆರೆದಿಡಬಹುದು. ಒಂದು ಬೀಮಿನ ತುದಿ ತಪ್ಪಾಗಿರಲಿ, ಒಂದು ಮಹಡಿಯ ಗೋಡೆಭಾರ ಬಿಟ್ಟುಹೋಗಿರಲಿ, ಸ್ವಂತ ತೂಕ ಎರಡು ಸಲ ಸೇರಿರಲಿ. ಗಂಟೆಯೊಳಗೆ ಹುಡುಕಿ, ಗುಮಾನಿ ಬಂದದ್ದು ಯಾವ ಅಂಕಿಯಿಂದ ಎಂದು ಒಂದು ಪುಟ ಬರೆಯಲಿ. ತಿದ್ದಲು ಒಬ್ಬರಿಗೆ ಐದು ನಿಮಿಷ ಸಾಕು, ಸೀನಿಯರ್‌ನ ಪೆನ್‌ಡ್ರೈವ್ ಇಲ್ಲಿ ಕೆಲಸಕ್ಕೆ ಬಾರದು.