ನಲಿ-ಕಲಿ ತಟ್ಟೆಯಲ್ಲಿ ದೋಸ್ತಿ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಗೆಳೆತನಕ್ಕೆ ನೀತಿಪಾಠಗಳಿಗಿಂತ ಹೆಚ್ಚು ನೆರವಾಗಿರುವುದು ನಲಿ-ಕಲಿ ಕೋಣೆಯಲ್ಲಿ ಮಕ್ಕಳನ್ನು ಕೂಡಿಸುವ ಬಗೆ. ಅದನ್ನು ಯಾರೂ ಗೆಳೆತನಕ್ಕೆಂದು ರೂಪಿಸಿರಲಿಲ್ಲ. ಹಲವು ತರಗತಿಗಳನ್ನು ಒಬ್ಬರೇ ಶಿಕ್ಷಕರು ನಿಭಾಯಿಸಬೇಕಾದ ಕಷ್ಟಕ್ಕೆ ಅದೊಂದು ಉಪಾಯವಾಗಿತ್ತು. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ರಿಷಿವ್ಯಾಲಿಯ ಹಳ್ಳಿಶಾಲೆಗಳಿಂದ ಕಲಿತದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ಒಂದರಿಂದ ಮೂರನೆಯ ತರಗತಿಯವರು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪುಗುಂಪಾಗಿ ಕೂಡುತ್ತಾರೆ. ಈ ಗುಂಪಿಗೆ ತಟ್ಟೆ ಎನ್ನುತ್ತಾರೆ. ಮಗು ಯಾವ ತಟ್ಟೆಯಲ್ಲಿ ಕೂಡಬೇಕೆಂದು ಹೇಳುವುದು ಅದರ ಕೈಯಲ್ಲಿರುವ ಕಲಿಕಾ ಕಾರ್ಡು. ಕಾರ್ಡು ಬದಲಾದರೆ ಜಾಗವೂ ಬದಲು. ಇಲ್ಲಿನ ಹಳ್ಳಿಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಹೊಲಗಳ ನಡುವಿನ ದೊಡ್ಡಿಯ ಮಗುವಿಗೆ ಶಾಲೆಗೆ ಬರುವವರೆಗೆ ಗೊತ್ತಿರುವುದು ತನ್ನ ಬಳಗದ ಮಕ್ಕಳಷ್ಟೇ. ಲಂಬಾಣಿ ತಾಂಡಾದ ಮಗುವಿಗೂ ಹಾಗೆಯೇ. ಮನೆಯಲ್ಲಿ ‘ಅವರ ಬಾಜು ಕೂಡಬ್ಯಾಡ’ ಎಂದು ಹೇಳಿ ಕಳಿಸಿರುವುದೂ ಉಂಟು. ಕಾರ್ಡು ಓಣಿ ಕೇಳುವುದಿಲ್ಲ, ಕುಲ ಕೇಳುವುದಿಲ್ಲ. ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ಹುಡುಗನ ಕೈ ಹಿಡಿದು ಅಕ್ಷರ ತಿದ್ದಿಸುವಾಗ ಆಗುವ ಪರಿಚಯ, ಗೋಡೆಯ ಮೇಲೆ ‘ಎಲ್ಲರೂ ಒಂದೇ’ ಎಂದು ಬರೆಸುವುದರಿಂದ ಆಗದು.

ಆದರೆ ಪರಿಚಯ ಗೆಳೆತನವಾಗಿ ಮಾಗಬೇಕಾದ ಹಂತದಲ್ಲಿ ನಲಿ-ಕಲಿ ಕೈಬಿಡುತ್ತದೆ. ಸಹಪಾಠಿಗಳ ನೆರವಿನಲ್ಲಿ ಕಲಿಯುವ ತಟ್ಟೆಯಲ್ಲಿ ಜಾಣೆಯೊಬ್ಬಳು ಯಾವಾಗಲೂ ಹೇಳಿಕೊಡುವವಳು, ಹಿಂದುಳಿದವನು ಯಾವಾಗಲೂ ಹೇಳಿಸಿಕೊಳ್ಳುವವನು. ಕೊಟ್ಟು ಪಡೆಯುವ ಸರದಿ ಅಲ್ಲಿ ತಿರುಗುವುದೇ ಇಲ್ಲ. ಶಿಕ್ಷಕರೋ ದಾಖಲೆ ತುಂಬುವುದರಲ್ಲಿ ಮುಳುಗಿರುತ್ತಾರೆ. ನೆರವು ಸದ್ದಿಲ್ಲದೆ ನಕಲಾಗುತ್ತದೆ. ಇದಕ್ಕೆ ಬೇರೆ ದಾರಿಯೂ ಇದೆ. ಅಮೆರಿಕದ ಆಸ್ಟಿನ್ ನಗರದಲ್ಲಿ 1971ರಲ್ಲಿ, ಬಿಳಿಯ ಮತ್ತು ಕರಿಯ ಮಕ್ಕಳು ಒಂದೇ ಶಾಲೆಗೆ ಬಂದು ಹೊಡೆದಾಟಕ್ಕಿಳಿದಿದ್ದಾಗ, ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಒಂದು ಪಾಠವನ್ನು ತುಂಡುತುಂಡಾಗಿ ಹಂಚಿದರು. ಒಬ್ಬೊಬ್ಬರಿಗೆ ಒಂದೊಂದು ತುಂಡು. ಎಲ್ಲರೂ ತಮ್ಮದನ್ನು ಹೇಳಿದರಷ್ಟೇ ಪಾಠ ಪೂರ್ತಿ. ಅಲ್ಲಿ ಯಾರೂ ಬೇಡವಾದವರಾಗಿರಲು ಸಾಧ್ಯವಿರಲಿಲ್ಲ. ನಮ್ಮ ಕಾರ್ಡು ಹಾಗಿಲ್ಲ; ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ತಿ. ಪಕ್ಕದವನಿಲ್ಲದಿದ್ದರೂ ಮಗು ಕಲಿಕೆಯ ಮುಂದಿನ ಮೈಲಿಗಲ್ಲು ಮುಟ್ಟಬಹುದು.

ಜಗಳದ ವಿಷಯದಲ್ಲಂತೂ ಶಾಲೆಗಳ ನಡೆ ಇನ್ನೂ ಹಳೆಯದೇ. ಇಬ್ಬರು ಟೂ ಬಿಟ್ಟರೆ ಕೂಡಲೇ ಕರೆಸಿ ‘ಸಾರಿ’ ಹೇಳಿಸುತ್ತಾರೆ. ಊಟದ ಹೊತ್ತಿಗೆ ತಾವೇ ಕೂಡಿಕೊಳ್ಳುವ ಮಕ್ಕಳಿಗೆ ಈ ಪಂಚಾಯ್ತಿ ಯಾಕೆ ಬೇಕೋ! ದಿನವೂ ಒಬ್ಬಳನ್ನೇ ಕುಂಟಾಬಿಲ್ಲೆಗೆ ಸೇರಿಸದಿದ್ದರೆ, ಬಿಸಿಯೂಟದ ಸಾಲಿನಲ್ಲಿ ಒಬ್ಬನ ಪಕ್ಕದ ಜಾಗ ಮಾತ್ರ ಖಾಲಿ ಉಳಿದರೆ, ದೊಡ್ಡವರು ನಡುವೆ ಬರಬೇಕಾದದ್ದು ಆಗ. ಅದು ಗದ್ದಲವಿಲ್ಲದೆ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲು ಬೇರೆಯಾಗಲು ಇನ್ನೊಂದು ನೆಪವೂ ಸೇರಿತು: 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಬಿಸಿಯೂಟಕ್ಕೆ ಮೊಟ್ಟೆ ಬಂತು, ಒಲ್ಲದವರಿಗೆ ಬಾಳೆಹಣ್ಣು. ತಿನ್ನುವ ಆಯ್ಕೆ ಮಗುವಿನದು, ಸರಿ. ಅದನ್ನೇ ನೆಪ ಮಾಡಿಕೊಂಡು ಎರಡು ಸಾಲು ಮಾಡುವುದು ಮಾತ್ರ ಬೇಡ.

ನಲಿ-ಕಲಿ ರಾಜ್ಯಕ್ಕೆಲ್ಲ ಹಬ್ಬುವ ಮೊದಲೇ, 2000ದ ದಶಕದ ಮಧ್ಯದಲ್ಲಿ, ಸರ್ಕಾರ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸುರಪುರ ತಾಲ್ಲೂಕಿನಲ್ಲಿ ಮಗುಸ್ನೇಹಿ ಶಾಲೆಗಳ ಕೆಲಸ ನಡೆಸಿದವು. ಆವರಣ, ತರಗತಿ, ಶಿಕ್ಷಕರು, ಸಮುದಾಯ ಎಲ್ಲದರತ್ತ ಗಮನ ಹೋಯಿತು. ಮಗುವಿಗೂ ಶಾಲೆಗೂ ನಡುವಿನ ಭಯ ಹೋಗಬೇಕೆಂಬುದು ಒಳ್ಳೆಯ ಗುರಿಯೇ. ಮಗುವಿಗೂ ಮಗುವಿಗೂ ನಡುವೆ ಏನಾಗುತ್ತದೆ ಎಂಬ ಪ್ರಶ್ನೆಗೂ ಅಷ್ಟೇ ಒತ್ತು ಸಿಗಬೇಕಿತ್ತು.

ಆ ಪ್ರಶ್ನೆ ಇಲ್ಲಿ ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ಗುಳೆಯಲ್ಲಿ. ಹತ್ತಿ ಬಿಡಿಸುವ ಕಾಲಕ್ಕೇ ಹಾಜರಿ ಇಳಿದಿರುತ್ತದೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡೇ ಹೊರಡುತ್ತವೆ. ನಲಿ-ಕಲಿಯ ಕಲಿಕಾ ಏಣಿ ಇಂಥ ಮಗುವಿನ ವಿಷಯದಲ್ಲಿ ಕರುಣೆಯುಳ್ಳದ್ದು: ತಿಂಗಳುಗಟ್ಟಲೆ ಬಿಟ್ಟು ಬಂದರೂ ನಿಲ್ಲಿಸಿದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ದೋಸ್ತರು ಮಾತ್ರ ಆ ಮೆಟ್ಟಿಲಿನಲ್ಲಿ ಕಾಯುತ್ತಿರುವುದಿಲ್ಲ. ಅವರು ಮೇಲೆ ಹೋಗಿ ಬೇರೆ ತಟ್ಟೆಯಲ್ಲಿ ಕೂತಿರುತ್ತಾರೆ. ಇವನು ಚಿಕ್ಕವರ ನಡುವೆ. ಕಲಿಕೆಯ ನಷ್ಟ ತುಂಬುವ ವ್ಯವಸ್ಥೆಯೇ ಅವನನ್ನು ಒಂಟಿ ಮಾಡುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಕಾರ್ಡೂ ಬೇಕಿಲ್ಲ. ಮರಳಿದ ಮಗುವನ್ನು ಮೊದಲ ವಾರ ಹಳೆಯ ದೋಸ್ತರ ತಟ್ಟೆಯಲ್ಲೇ ಕೂಡಿಸಬಹುದು. ಪರಿಸರ ಅಧ್ಯಯನದಲ್ಲಿ ಮನೆಯ ಪಾಠ ಬಂದಾಗ ಬಹುಮಹಡಿ ಕಟ್ಟಡ ಏಳುವುದನ್ನು ಕಣ್ಣಾರೆ ಕಂಡವನು ಆ ಕೋಣೆಯಲ್ಲಿ ಬಹುಶಃ ಅವನೊಬ್ಬನೇ. ಆರನ್‌ಸನ್ ಹಂಚಿದಂಥ ಒಂದು ತುಂಡು ಅವನ ಬಳಿ ಆಗಲೇ ಇದೆ. ನಿಯಮದ ಪ್ರಕಾರ ಹೀಗೆ ಹಳೆಯ ದೋಸ್ತರ ಜೊತೆ ಕೂಡಿಸುವುದು ತಪ್ಪು. ಶಾಲೆಗೆ ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕಾರ್ಡಿಗೂ ತಟ್ಟೆಗೂ ತಾಳೆಯಾಗದ್ದನ್ನು ಕಂಡು ಕೇಳಬಹುದು. ಕೇಳಲಿ, ಶಿಕ್ಷಕರು ಕಾರಣ ಹೇಳಲಿ. ಆ ಕಾರಣ ದಾಖಲೆ ಪುಸ್ತಕದಲ್ಲೂ ಒಂದು ಸಾಲಾಗಿ ಬರಲಿ.