ವಾಲುವ ರೈಲಿನ ಚಿಕ್ಕ ಕಿಟಕಿ

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಗ್ಲಾಸ್ಗೋಗೆ ಸುಮಾರು 645 ಕಿಲೋಮೀಟರ್. 2021ರ ಜೂನ್ 17ರಂದು ಒಂದು ಪೆಂಡೊಲಿನೊ ರೈಲು ಈ ದೂರವನ್ನು ಎಲ್ಲೂ ನಿಲ್ಲದೆ 3 ಗಂಟೆ 53 ನಿಮಿಷ 1 ಸೆಕೆಂಡಿನಲ್ಲಿ ಮುಗಿಸಿತು. ದಾಖಲೆ ಮುರಿಯೋಕೆ ಅಂತಲೇ ಹೊರಟಿದ್ದ ರೈಲು ಅದು. 21 ಸೆಕೆಂಡಿನಲ್ಲಿ ದಾಖಲೆ ತಪ್ಪಿಹೋಯಿತು. ಸೋತಿದ್ದು ಯಾರಿಗೆ ಗೊತ್ತಾ? 1984ರಲ್ಲಿ ಓಡಿದ್ದ ಎಪಿಟಿ ಅನ್ನೋ ರೈಲಿಗೆ. ಬ್ರಿಟಿಷ್ ರೈಲ್ ತಾನೇ ಮಾಡಿ, ಪತ್ರಿಕೆಗಳ ಕೈಲಿ ನಗೆಪಾಟಲಾಗಿ, ಕೊನೆಗೆ ಕೈಬಿಟ್ಟ ರೈಲು ಅದು.

ನಮ್ಮಲ್ಲಿ ರೈಲಿನ ಬಗ್ಗೆ ಮಾತು ಶುರುವಾದರೆ ಸ್ಪೀಡು ಎಷ್ಟು ಅನ್ನೋದರಲ್ಲೇ ಮುಗಿಯುತ್ತೆ. ಪೆಂಡೊಲಿನೊನ ಹಾಗೆ ಅಳೆಯೋಕಾಗಲ್ಲ. ಅದರ ಜಾಣತನ ಇರೋದು ತಿರುವಿನಲ್ಲಿ. ವೆಸ್ಟ್ ಕೋಸ್ಟ್ ಮೇನ್ ಲೈನ್ ಅನ್ನೋ ಈ ಮಾರ್ಗ ಹತ್ತೊಂಬತ್ತನೇ ಶತಮಾನದ್ದು. ಗುಡ್ಡ, ಹೊಳೆ ಎದುರಾದಲ್ಲೆಲ್ಲ ಬಳಸಿಕೊಂಡು ಹೋಗುತ್ತೆ. ಹಳಿ ನೇರ ಮಾಡೋಕೆ ದುಡ್ಡಿಲ್ಲ, ಜಾಗವಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹಳೇ ಕೋಡ್‌ಬೇಸ್ ಮುಟ್ಟಬೇಡಿ, ಮೇಲಿನ ಲೇಯರ್ ಮಾತ್ರ ಬದಲಾಯಿಸಿ ಅಂತ ಮ್ಯಾನೇಜರ್ ಹೇಳ್ತಾರಲ್ಲ, ಥೇಟ್ ಅದೇ ಸಮಸ್ಯೆ.

ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಕೊಂಚ ಎತ್ತರದಲ್ಲಿ ಹಾಕಿರ್ತಾರೆ. ತೀರಾ ಎತ್ತರಿಸೋ ಹಾಗಿಲ್ಲ, ಅದೇ ಹಳಿ ಮೇಲೆ ನಿಧಾನವಾಗಿ ಹೋಗೋ ಗೂಡ್ಸ್ ರೈಲೂ ಬರಬೇಕು. ಉಳಿದ ಕೊರತೆಯನ್ನು ರೈಲೇ ವಾಲಿ ತುಂಬಿಕೊಳ್ಳುತ್ತೆ, ಸೈಕಲ್ ಮೇಲೆ ಹೋಗೋವಾಗ ನಾವು ತಿರುವಿನ ಒಳಕ್ಕೆ ಬಾಗೋ ಹಾಗೆ. ಕೆಳಗಿನ ಗಾಲಿಗಳ ಚೌಕಟ್ಟು ಹಳಿಯ ಜೊತೆಗೇ ಇರುತ್ತೆ. ಅದರ ಮೇಲಿನ ಡಬ್ಬಿ ಮಾತ್ರ 8 ಡಿಗ್ರಿವರೆಗೆ ಓರೆಯಾಗುತ್ತೆ. (ಆ ಚೌಕಟ್ಟಿಗೇ ಇಂಜಿನಿಯರುಗಳು ಬೋಗಿ ಅನ್ನೋದು. ನಾವು ಇಡೀ ಡಬ್ಬಿಗೇ ಆ ಹೆಸರಿಟ್ಟುಬಿಟ್ಟಿದ್ದೇವೆ.) ತನ್ನಿಷ್ಟಕ್ಕೆ ವಾಲೋ ಹಾಗೂ ಇಲ್ಲ. ಹಳಿಗಳ ನಡುವೆ ಕೂರಿಸಿದ ಪುಟ್ಟ ಸಾಧನಗಳು 'ಇಲ್ಲಿ ವಾಲಬಹುದು, ಇಷ್ಟು ವೇಗದಲ್ಲಿ ಹೋಗಬಹುದು' ಅಂತ ರೈಲಿಗೆ ತಿಳಿಸುತ್ತವೆ. ಅನುಮತಿ ಸಿಗದಿದ್ದರೆ ವಾಲುವುದೂ ಇಲ್ಲ, ಆ ಹೆಚ್ಚಿನ ವೇಗವೂ ಇಲ್ಲ. ಈ ವ್ಯವಸ್ಥೆಯ ಮುಂದೆ ನಾನು ತಲೆಬಾಗ್ತೇನೆ.

ಎಪಿಟಿ ಮುಗ್ಗರಿಸಿದ್ದು ಎಲ್ಲಿ? 1981ರ ಡಿಸೆಂಬರಿನಲ್ಲಿ ಅದು ಜನರನ್ನು ಹತ್ತಿಸಿಕೊಂಡು ಹೊರಟಾಗ ಕೆಲವರಿಗೆ ಹೊಟ್ಟೆ ತೊಳಸಿತು, ಚಳಿಗೆ ಬ್ರೇಕು ಹೆಪ್ಪುಗಟ್ಟಿತು. ಹೊಟ್ಟೆ ತೊಳಸಿದ್ದಕ್ಕೆ ಸಿಕ್ಕ ಕಾರಣ ಸೊಗಸಾಗಿದೆ. ತಿರುವಿನ ಎಳೆತವನ್ನು ರೈಲು ಪೂರ್ತಿ ಅಳಿಸಿಹಾಕಿದರೆ ಮೈಗೆ ಏನೂ ಗೊತ್ತಾಗಲ್ಲ, ಕಣ್ಣಿಗೆ ಮಾತ್ರ ದಿಗಂತವೇ ಓರೆಯಾಗಿ ಕಾಣುತ್ತೆ. ಕಣ್ಣಿಗೂ ಕಿವಿಯೊಳಗಿನ ಸಮತೋಲಕ್ಕೂ ಜಗಳ. ಪರಿಹಾರ ಅಂದರೆ ಸ್ವಲ್ಪ ಕಡಿಮೆ ವಾಲೋದು, ಒಂದಿಷ್ಟು ಎಳೆತವನ್ನು ಪ್ರಯಾಣಿಕರಿಗೇ ಬಿಡೋದು. ಅಷ್ಟರಲ್ಲಿ ಇಟಲಿಯ ಫಿಯಟ್ ತನ್ನದೇ ದಾರಿಯಲ್ಲಿ ಮುಂದೆ ಹೋಗಿತ್ತು. 1988ರಲ್ಲಿ ಅವರ ಇಟಿಆರ್ 450 ಓಡತೊಡಗಿತು. ಮುಂದೆ ಆ ಫಿಯಟ್ ವಿಭಾಗ ಆಲ್‌ಸ್ಟಮ್ ಪಾಲಾಯಿತು, 2002ರಿಂದ ಇಂಗ್ಲೆಂಡಿನ ಜನ ಪೆಂಡೊಲಿನೊ ಹತ್ತಿದರು. ಗಂಟೆಗೆ 140 ಮೈಲಿ ಓಡಬಲ್ಲ ರೈಲು ಅದು. ಅದಕ್ಕೆ ಬೇಕಾದ ಸಿಗ್ನಲ್ ವ್ಯವಸ್ಥೆ ಕೈಗೂಡಲಿಲ್ಲ. ಇವತ್ತಿಗೂ 125ಕ್ಕೇ, ಅಂದರೆ 200 ಕಿಲೋಮೀಟರಿಗೇ ನಿಂತಿದೆ.

ಹೊರಗಿನಿಂದ ಇಷ್ಟು ಚೆಂದ. ನನ್ನ ತಕರಾರು ಶುರುವಾಗೋದು ಒಳಗೆ.

ವಾಲಿದಾಗ ಪಕ್ಕದ ರೈಲಿಗೋ ಸುರಂಗದ ಗೋಡೆಗೋ ತಾಗಬಾರದಲ್ಲ, ಅದಕ್ಕೆ ಡಬ್ಬಿಯನ್ನು ಮೇಲೆ ಹೋಗ್ತಾ ಕಿರಿದು ಮಾಡಿದ್ದಾರೆ. ಕೂತರೆ ಗೋಡೆ ಭುಜದ ಕಡೆಗೆ ಬಾಗಿದಂತೆ ಅನ್ನಿಸುತ್ತೆ. ತಲೆ ಮೇಲಿನ ಲಗೇಜ್ ಜಾಗದಲ್ಲಿ ಬ್ಯಾಕ್‌ಪ್ಯಾಕ್ ಹಿಡಿಸುತ್ತೆ, ಊರಿಂದ ತಂದ ದೊಡ್ಡ ಸೂಟ್‌ಕೇಸ್ ಹಿಡಿಸಲ್ಲ. ಕಿಟಕಿಗಳು ಚಿಕ್ಕವು. ಇದಕ್ಕೆ ಡಬ್ಬಿಯ ಗಟ್ಟಿತನವನ್ನೂ ಕಾರಣವಾಗಿ ಹೇಳ್ತಾರೆ. ಆ ಮಾತನ್ನು ಲಘುವಾಗಿ ತಳ್ಳಿಹಾಕೋಕಾಗಲ್ಲ. 2007ರ ಫೆಬ್ರವರಿಯಲ್ಲಿ ಗ್ರೇರಿಗ್ ಹತ್ತಿರ ಕೆಟ್ಟುಹೋದ ಪಾಯಿಂಟ್ಸ್ ಮೇಲೆ 95 ಮೈಲಿ ವೇಗದಲ್ಲಿ ಬಂದ ಪೆಂಡೊಲಿನೊದ ಒಂಬತ್ತೂ ಡಬ್ಬಿಗಳು ಹಳಿ ತಪ್ಪಿದವು. ಒಬ್ಬರು ತೀರಿಕೊಂಡರು. ಅಂಥ ಅಪಘಾತದಲ್ಲಿ ಉಳಿದವರೆಲ್ಲ ಬದುಕಿ ಬಂದರು ಅಂದರೆ ಅದು ಆ ಡಬ್ಬಿ ಕಟ್ಟಿದವರ ಪುಣ್ಯ.

ಹಾಗಾಗಿ ಕಿಟಕಿ ಚಿಕ್ಕದು ಅನ್ನೋದನ್ನು ಕ್ಷಮಿಸ್ತೇನೆ. ಕಿಟಕಿಗೂ ಸೀಟಿಗೂ ಹೊಂದಾಣಿಕೆಯೇ ಇಲ್ಲದಿರೋದನ್ನು ಕ್ಷಮಿಸಲ್ಲ. ಎಷ್ಟೋ ಸಾಲುಗಳಲ್ಲಿ ಕಿಟಕಿ ಸೀಟು ಅಂತ ಸಿಗೋದು ಬರೀ ಗೋಡೆ. ಯಾವ ಭೌತಶಾಸ್ತ್ರವೂ ಇದನ್ನು ಬೇಡಲಿಲ್ಲ. ವಿಮಾನದ ಥರ ಒಂದರ ಹಿಂದೆ ಒಂದು ಸೀಟು ತುರುಕಿ, ಒಂದು ಡಬ್ಬಿಯಲ್ಲಿ ಎಷ್ಟು ತಲೆ ಕೂರಿಸಬಹುದು ಅಂತ ಲೆಕ್ಕ ಹಾಕಿದವರ ತೀರ್ಮಾನ ಇದು. ಅಗಲವನ್ನು ಕಿತ್ತುಕೊಂಡಿದ್ದು ತಿರುವು, ನೋಟವನ್ನು ಕಿತ್ತುಕೊಂಡಿದ್ದು ಎಕ್ಸೆಲ್ ಶೀಟು.

ಅದೂ ಎಲ್ಲಿ? ರೈಲು ಹೆಚ್ಚು ವಾಲೋದು ತಿರುವು ಹೆಚ್ಚಿರೋ ಕಡೆ. ತಿರುವು ಹೆಚ್ಚಿರೋದು ಗುಡ್ಡ ಇರೋ ಕಡೆ. ಲ್ಯಾಂಕಾಸ್ಟರ್ ದಾಟಿ ಲೂನ್ ನದಿಯ ಕಣಿವೆ, ಟೆಬೇ, ಶ್ಯಾಪ್ ಏರು, ಗಡಿಯಾಚೆ ಬೀಟಕ್: ಈ ಮಾರ್ಗದ ಕಣ್ಣಿಗೆ ಹಬ್ಬವಾಗೋ ಭಾಗವೆಲ್ಲ ಅಲ್ಲೇ. ಇಡೀ ರೈಲಿನ ಬುದ್ಧಿವಂತಿಕೆ ಕೆಲಸ ಮಾಡೋ ಜಾಗದಲ್ಲೇ ಪ್ರಯಾಣಿಕ ಬೂದು ಪ್ಲಾಸ್ಟಿಕ್ ನೋಡ್ತಾ ಕೂತಿರ್ತಾನೆ.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಚಹಾ, ತಿಂಡಿಗೆ ಒಂದು ಅಂಗಡಿ, ಫೋನಿನಲ್ಲಿ ಕಿರುಚದವರಿಗೆ ಒಂದು ನಿಶ್ಶಬ್ದ ಡಬ್ಬಿ, ಸೀಟಿನ ಮೇಲೆ ರಿಸರ್ವೇಷನ್ ತೋರಿಸೋ ಪುಟ್ಟ ಪರದೆ. ವರ್ಜಿನ್ ಕಂಪನಿ ಓಡಿಸ್ತಿದ್ದಾಗ ಟಾಯ್ಲೆಟ್ಟು ಮಾತಾಡ್ತಿತ್ತು: ಕಸ ಹಾಕಬೇಡಿ ಅನ್ನೋದರ ಜೊತೆಗೆ ಹಳೇ ಪ್ರೇಮಿಯ ಸ್ವೆಟರು, ಕನಸು, ಬಣ್ಣದ ಮೀನು ಇವನ್ನೂ ಹಾಕಬೇಡಿ ಅಂತಿತ್ತು. ನಗು ಬರುತ್ತೆ ನಿಜ. ಆದರೆ ಟಾಯ್ಲೆಟ್ಟಿಗೆ ಹಾಸ್ಯಪ್ರಜ್ಞೆ ಕೊಡೋಕೆ ಯೋಚಿಸಿದವರು ಸೀಟಿನ ಸಾಲನ್ನು ಒಂದು ಗೇಣು ಆಚೀಚೆ ಮಾಡೋಕೆ ಯೋಚಿಸಲಿಲ್ಲ. 2019ರ ಡಿಸೆಂಬರಿನಿಂದ ಅವಾಂಟಿ ಓಡಿಸ್ತಿದೆ. ಈಚಿನ ನವೀಕರಣದಲ್ಲಿ ಸೀಟು ಮೆತ್ತಗಾಗಿದೆ, ಚಾರ್ಜಿಂಗ್ ಪಾಯಿಂಟು ಹೆಚ್ಚಿವೆ. ಗೋಡೆ ಇದ್ದಲ್ಲೇ ಇದೆ.

ಇನ್ನೊಂದು ತಮಾಷೆ ನೋಡಿ. ಕಟ್ಟುತ್ತಿರುವ ಎಚ್‌ಎಸ್2 ಹೈಸ್ಪೀಡ್ ಮಾರ್ಗದ ರೈಲುಗಳು ವಾಲುವುದಿಲ್ಲ. ಹೊಸ ಹಳಿ ಅದಕ್ಕೆ ತಕ್ಕಂತೆ ನೇರವಾಗಿದೆ, ವಾಲೋ ಅಗತ್ಯವಿಲ್ಲ. ಆದರೆ 2023ರ ಅಕ್ಟೋಬರಿನಲ್ಲಿ ಸರ್ಕಾರ ಅದರ ಉತ್ತರದ ಭಾಗವನ್ನು ರದ್ದು ಮಾಡಿತು. ಅಲ್ಲಿಂದ ಮುಂದೆ ಆ ರೈಲುಗಳು ಹಳೇ ಹಳಿಗೇ ಇಳಿಯಬೇಕು. ವಾಲದ ರೈಲಿಗೆ ಅಲ್ಲಿನ ಮಿತಿ ಹೆಚ್ಚಾಗಿ 110 ಮೈಲಿ. ಅಂದರೆ ಹಳೇ ಪೆಂಡೊಲಿನೊ 125ರಲ್ಲಿ ಹೋಗೋ ತಿರುವಿನಲ್ಲಿ ಹೊಸ ರೈಲು ನಿಧಾನಿಸುತ್ತೆ.

ನಮ್ಮಲ್ಲೂ 2022ರಲ್ಲಿ ವಾಲುವ ವಂದೇ ಭಾರತ್‌ಗಳ ಮಾತು ಬಂದಿತ್ತು. ಬಂದರೆ ಬರಲಿ. ಈಗಿರೋ ವಂದೇ ಭಾರತ್‌ನ ಅಗಲ ಕಿಟಕಿಯನ್ನು ಮಾತ್ರ ಯಾರೂ ಮುಟ್ಟದಿರಲಿ.

ಅಲ್ಲಿಗೆ ಆನ್‌ಸೈಟ್ ಹೋಗೋರು ಗ್ಲಾಸ್ಗೋ ಕಡೆಗೆ ಟಿಕೆಟ್ ತೆಗೆಯೋದಿದ್ದರೆ ಎಡಗಡೆ ಕೂತುಕೊಳ್ಳಿ, ಕಿಟಕಿ ಇರೋ ಸಾಲು ಹುಡುಕಿಕೊಂಡು. ಲ್ಯಾಂಕಾಸ್ಟರ್ ಬಿಟ್ಟ ಸ್ವಲ್ಪ ಹೊತ್ತಿಗೆ, ಹೆಸ್ಟ್ ಬ್ಯಾಂಕ್ ಹತ್ತಿರ, ಮೋರ್ಕಂಬ್ ಕೊಲ್ಲಿಯ ಕಡಲು ಹಳಿಯ ಪಕ್ಕಕ್ಕೇ ಬರುತ್ತೆ. ಬೇಗ ನೋಡಿಬಿಡಿ, ಈ ರೈಲು ಅಲ್ಲಿ ನಿಲ್ಲಲ್ಲ.