ನಾಲ್ಕನೇ ಘಾತದ ಪ್ರಾಮಾಣಿಕತೆ

ಶಾಲೆಯಲ್ಲಿ ಹೇಳಿಕೊಟ್ಟದ್ದು ನೆನಪಿದೆಯಾ? ನರ ಅಂದ್ರೆ ಕರೆಂಟ್ ವೈರ್ ಇದ್ದ ಹಾಗೆ, ಮೆದುಳು ಸ್ವಿಚ್ ಒತ್ತಿದರೆ ಬೆರಳು ಅಲ್ಲಾಡುತ್ತೆ ಅಂತ. ಈ ಹೋಲಿಕೆ ಎಷ್ಟು ದಾರಿ ತಪ್ಪಿಸುತ್ತೆ ಅಂತ ನನಗೆ ಗೊತ್ತಾಗೋಕೆ ಮೂವತ್ತು ದಾಟಬೇಕಾಯ್ತು. ಗೊತ್ತಾಗಿದ್ದು ಒಂದು ಹಳೆಯ ಪ್ರಬಂಧದಿಂದ. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದ ಐದು ಪ್ರಬಂಧಗಳಲ್ಲಿ ಅದು ಕೊನೆಯದು. ಹೊಟ್ಟೆಪಾಡಿಗೆ ಮಾಡೆಲ್ ಕಟ್ಟುವವನ ಕಣ್ಣಲ್ಲಿ ಅದು ಹೇಗೆ ಕಾಣುತ್ತೆ ಅನ್ನೋದನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಆ ವೈರ್ ವಿಷಯ. ನರತಂತು ನಿಜಕ್ಕೂ ಉಪ್ಪುನೀರು ತುಂಬಿದ, ಅಲ್ಲಲ್ಲಿ ಸೋರುವ ಕೊಳವೆ. ಬರೀ ವೈರ್ ಆಗಿದ್ದಿದ್ರೆ ಸಂಕೇತ ಕೆಲವೇ ಮಿಲಿಮೀಟರಿನಲ್ಲಿ ಸತ್ತುಹೋಗ್ತಿತ್ತು. ಅದನ್ನ ಸರಪಟಾಕಿ ಅಂದ್ಕೊಳ್ಳಿ. ಪೊರೆಯ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಸುಮ್ಮನಿದ್ದಾಗ ಒಳಭಾಗ ಹೊರಗಿಗಿಂತ ಸುಮಾರು 65 ಮಿಲಿವೋಲ್ಟ್ ಕೆಳಗೆ. ವೋಲ್ಟೇಜ್ ಸ್ವಲ್ಪ ಏರಿದರೆ ಸಾಕು, ಸೋಡಿಯಂ ಚಾನೆಲ್‌ಗಳು ತೆರೆದುಕೊಳ್ತವೆ, ಸೋಡಿಯಂ ನುಗ್ಗುತ್ತೆ, ವೋಲ್ಟೇಜ್ ಇನ್ನೂ ಏರುತ್ತೆ, ಇನ್ನಷ್ಟು ಚಾನೆಲ್ ತೆರೀತವೆ. ಅಷ್ಟರಲ್ಲಿ ಪಕ್ಕದ ಜಾಗಕ್ಕೂ ಕಿಡಿ ತಾಗಿರುತ್ತೆ. ಆಮೇಲೆ ಸೋಡಿಯಂ ಬಾಗಿಲು ತಾನೇ ಮುಚ್ಚಿಕೊಳ್ಳುತ್ತೆ, ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನ ಹಾಗಾಗುತ್ತೆ. ಕೊನೆಯ ಪಟಾಕಿಯ ಸದ್ದೂ ಮೊದಲನೆಯದರಷ್ಟೇ ಜೋರು. (ಹೋಲಿಕೆ ಇಲ್ಲಿಗೇ ನಿಲ್ಲುತ್ತೆ: ಪಟಾಕಿ ಸುಟ್ಟು ಚೂರಾಗುತ್ತೆ, ನರ ಕೆಲವು ಮಿಲಿಸೆಕೆಂಡಲ್ಲಿ ಮತ್ತೆ ಸಿದ್ಧ.) ಹಲ್ಲಿನ ಡಾಕ್ಟರ್ ಕೊಡುವ ಲಿಡೊಕೇನ್ ಇಂಜೆಕ್ಷನ್ ಈ ಸೋಡಿಯಂ ಚಾನೆಲ್‌ಗಳನ್ನೇ ಅಡ್ಡಗಟ್ಟುತ್ತೆ. ಸರ ನಡುವೆ ತುಂಡಾಗುತ್ತೆ, ನೋವು ಮೆದುಳಿಗೆ ಮುಟ್ಟೋದೇ ಇಲ್ಲ.

ವೋಲ್ಟೇಜ್ ಚಾನೆಲ್ ತೆರೆಸುತ್ತೆ, ಚಾನೆಲ್ ವೋಲ್ಟೇಜ್ ಏರಿಸುತ್ತೆ. ಇಂಥ ಸುತ್ತಿನಲ್ಲಿ ಯಾವುದು ಕಾರಣ, ಯಾವುದು ಪರಿಣಾಮ? ಎಷ್ಟು ಡೇಟಾ ಗುಡ್ಡೆ ಹಾಕಿದರೂ ಬರೀ ನೋಡ್ತಾ ಕೂತರೆ ಗೊತ್ತಾಗಲ್ಲ. ಇವರಿಬ್ಬರು ಆ ಸುತ್ತನ್ನೇ ಕತ್ತರಿಸಿದರು. ಸ್ಕ್ವಿಡ್‌ನ ದಪ್ಪ ನರತಂತುವಿನೊಳಗೆ ಎಲೆಕ್ಟ್ರೋಡ್ ತೂರಿಸಿ, ವೋಲ್ಟೇಜನ್ನ ಒಂದೇ ಮಟ್ಟದಲ್ಲಿ ಹಿಡಿದಿಟ್ಟು, ಹರಿಯುವ ಕರೆಂಟ್ ಮಾತ್ರ ಅಳೆದರು. ನನ್ನ ದೃಷ್ಟಿಯಲ್ಲಿ ಸಮೀಕರಣಕ್ಕಿಂತ ದೊಡ್ಡ ಕೆಲಸ ಇದು.

ಆ ಅಳತೆಗಳಿಂದ ಸಮೀಕರಣ ಕಟ್ಟಿದ ಮೇಲೆ ಲೆಕ್ಕ. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಮಾರ್ಪಾಡಿಗೆ ಅಂತ ನಿಂತಿತ್ತು. ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಬ್ರುನ್ಸ್‌ವಿಗಾ ಯಂತ್ರದಲ್ಲೇ ಕೂತು ಲೆಕ್ಕ ಹಾಕಿದರು. ಸಂಕೇತದ ವೇಗ ಸೆಕೆಂಡಿಗೆ 18.8 ಮೀಟರ್ ಅಂತ ಬಂತು. ನಿಜವಾದ ನರದಲ್ಲಿ ಅಳೆದದ್ದು 21.2. ವೇಗದ ಡೇಟಾ ಒಂದನ್ನೂ ಮಾಡೆಲ್‌ಗೆ ತಿನ್ನಿಸದೆ ಇಷ್ಟು ಹತ್ತಿರ!

ಇಲ್ಲಿ ನಾನಾಗಿದ್ರೆ ಕುಣಿದುಬಿಡ್ತಿದ್ದೆ. ಇದಕ್ಕಿಂತ ಬಡಕಲು ಗ್ರಾಫ್ ಇಟ್ಕೊಂಡು ಮೀಟಿಂಗಲ್ಲಿ "ಗ್ರಾಹಕರು ಯೋಚಿಸೋದೇ ಹೀಗೆ" ಅಂತ ಹೇಳಿದವನು ನಾನು. ಅವರು ಬರೆದಿದ್ದು ಬೇರೆ: ಸಮೀಕರಣ ಹೊಂದಿಕೊಂಡ ಮಾತ್ರಕ್ಕೆ ಒಳಗೆ ನಡೆಯೋದು ಇದೇ ಅಂತ ತಿಳಿಯಬೇಡಿ, ಇದು ಅಳತೆಗೆ ಹೊಂದುವ ವಿವರಣೆ ಅಷ್ಟೆ ಅನ್ನೋ ಅರ್ಥದ ಮಾತು. ಪೊಟ್ಯಾಸಿಯಂಗೆ ನಾಲ್ಕನೇ ಘಾತ ಯಾಕೆ? ಐದೋ ಆರೋ ಇದ್ರೆ ಇನ್ನೂ ಚೆನ್ನಾಗಿ ಕೂರಬಹುದಿತ್ತು, ಆದರೆ ಅಷ್ಟು ತೊಡಕಿಗೆ ತಕ್ಕ ಲಾಭ ಇಲ್ಲ ಅಂತ ಒಪ್ಪಿಕೊಂಡಿದ್ದಾರೆ.

1998ರಲ್ಲಿ ರೋಡೆರಿಕ್ ಮೆಕಿನನ್ ತಂಡ ಬ್ಯಾಕ್ಟೀರಿಯಾದ ಒಂದು ಪೊಟ್ಯಾಸಿಯಂ ಚಾನೆಲ್‌ನ ರಚನೆ ತೋರಿಸಿದಾಗ ಅದರಲ್ಲಿ ಸರಿಯಾಗಿ ನಾಲ್ಕು ಭಾಗ! ಆ ನಾಲ್ಕನ್ನ ಭವಿಷ್ಯವಾಣಿ ಅನ್ನೋರು ಇದ್ದಾರೆ. ನಾನು ಒಪ್ಪಲ್ಲ. ಸೋಡಿಯಂಗೆ ಅವರು ಹಾಕಿದ್ದು ಮೂರನೇ ಘಾತ, ಜೊತೆಗೆ ಮುಚ್ಚೋದಕ್ಕೆ ಇನ್ನೊಂದು ಅಂಶ. ಆ ಚಾನೆಲ್‌ನಲ್ಲೂ ಇರೋದು ನಾಲ್ಕು ಭಾಗಗಳೇ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚೋದು ಬೇಡ.

ನನ್ನ ತಕರಾರು ಒಂದಿದೆ. ಈ ಮಾಡೆಲ್‌ನ ಗೆರೆಗಳು ಬಹಳ ನುಣುಪು. 1976ರಲ್ಲಿ ನೇಹರ್ ಮತ್ತು ಸಕ್ಮನ್ ಒಂದೊಂದೇ ಚಾನೆಲ್‌ನ ಕರೆಂಟ್ ಅಳೆದಾಗ ಕಂಡದ್ದು ಥಟ್ಟನೆ ತೆರೆಯೋದು, ಥಟ್ಟನೆ ಮುಚ್ಚೋದು, ಅದೂ ಲಾಟರಿ ಥರ. ನುಣುಪೆಲ್ಲ ಸಾವಿರಾರು ಚಾನೆಲ್‌ಗಳ ಸರಾಸರಿಯದ್ದು. ಇರುವ ಚಾನೆಲ್‌ಗಳೇ ಕಡಿಮೆಯಾದಾಗ ಆ ಸರಾಸರಿ ಕೈಕೊಡುತ್ತೆ.

ಮೂಲ ಪ್ರಬಂಧ ಆನ್‌ಲೈನಲ್ಲಿ ಉಚಿತವಾಗಿ ಸಿಗುತ್ತೆ. ಓದೋಕೆ ಕೂತರೆ ಹುಷಾರು: ಅವರ ವೋಲ್ಟೇಜ್ ಚಿಹ್ನೆಗಳು ಇವತ್ತಿನದಕ್ಕೆ ಉಲ್ಟಾ. ಸಮೀಕರಣ ಕಂಡು ಗಾಬರಿಯಾದ್ರೆ ಕೊನೆಯ ಚರ್ಚೆಯ ಭಾಗದಿಂದಲೇ ಶುರುಮಾಡಿ.